ಚಿತ್ರದ ಪುಸ್ತಕಕ್ಕೆ ಎರಡು ತಾರೀಖು

ಮಕ್ಕಳಿಗಾಗಿ ಬಣ್ಣದ ಚಿತ್ರಗಳ ಪುಸ್ತಕ ಮಾಡಿದವರಿಗೆ ಜೈಲು ಶಿಕ್ಷೆ ಆಗಿದ್ದು ಕೇಳಿದ್ದೀರಾ? ಹಾನ್ಸಿ ಎಂಬ ಹೆಸರಿನಲ್ಲಿ ಚಿತ್ರ ಬರೆಯುತ್ತಿದ್ದ ಜಾನ್-ಜಾಕ್ ವಾಲ್ಟ್ಸ್ ಅವರಿಗೆ ಆಗಿತ್ತು. ಅವರ ಊರು ಆಲ್ಸೇಸ್ ಪ್ರಾಂತ್ಯದ ಕೋಲ್ಮಾರ್. 1870-71ರ ಯುದ್ಧದಲ್ಲಿ ಫ್ರಾನ್ಸ್ ಸೋತಾಗ ಆ ಪ್ರಾಂತ್ಯ ಜರ್ಮನಿಯ ಪಾಲಾಯಿತು. 1912ರಲ್ಲಿ ಹಾನ್ಸಿ ಆಲ್ಸೇಸಿನ ಇತಿಹಾಸವನ್ನು ಪುಟ್ಟ ಮಕ್ಕಳಿಗೆ ಹೇಳುವ ಪುಸ್ತಕ ತಂದರು, ಮರುವರ್ಷ 'ನನ್ನ ಹಳ್ಳಿ' ಎಂಬರ್ಥದ ಇನ್ನೊಂದು. ಕೆಂಪು ಹೆಂಚಿನ ಮನೆಗಳು, ತಲೆಗೆ ದೊಡ್ಡ ಕಪ್ಪು ಬೋ ಕಟ್ಟಿದ ಹುಡುಗಿಯರು, ಕೊಕ್ಕರೆಗಳು... ನೋಡಲು ಬಲು ಮುದ್ದು. ನಡುನಡುವೆ ಜರ್ಮನ್ನರ ಗೇಲಿ. 1914ರ ಜುಲೈನಲ್ಲಿ ಲೈಪ್‌ಜಿಗ್ ನ್ಯಾಯಾಲಯ ಒಂದು ವರ್ಷ ಸೆರೆವಾಸ ವಿಧಿಸಿತು. ಹಾನ್ಸಿ ತಪ್ಪಿಸಿಕೊಂಡು ಫ್ರಾನ್ಸ್ ಸೇರಿದರು.

ಕೊಕ್ಕರೆ ಚಿತ್ರಕ್ಕೆ ಒಂದು ಸಾಮ್ರಾಜ್ಯ ಯಾಕೆ ಹೆದರಬೇಕು? ಕಾರಣ ಸರಳ. ಏಳು ವರ್ಷದ ಮಗು ಪಾಠ ಮರೆಯುತ್ತೆ, ಚಿತ್ರ ಮರೆಯೋದಿಲ್ಲ. 'ಇವರು ನಮ್ಮವರು, ಅವರು ಬೇರೆಯವರು' ಅನ್ನೋದು ಕಣ್ಣಿನ ಮೂಲಕ ಒಳಗೆ ಇಳಿದುಬಿಡುತ್ತೆ.

ಸಾಫ್ಟ್‌ವೇರ್ ಕೆಲಸದಲ್ಲಿ ಪ್ರತಿ ಫೈಲಿನ ಹಿಂದೆಯೂ ಯಾರು, ಯಾವಾಗ, ಯಾಕೆ ಬದಲಾಯಿಸಿದರು ಅನ್ನುವ ದಾಖಲೆ ಇರುತ್ತೆ. ಇತಿಹಾಸದ ಚಿತ್ರಪುಸ್ತಕವನ್ನೂ ನಾನು ಹಾಗೇ ನೋಡುತ್ತೇನೆ. ಅದಕ್ಕೆ ಎರಡು ತಾರೀಖು: ಕಥೆ ನಡೆದದ್ದು, ಪುಸ್ತಕ ಅಚ್ಚಾದದ್ದು. ಎರಡನೆಯದು ಗೊತ್ತಾದರೆ ಮೊದಲನೆಯದು ಬೇರೆಯೇ ಆಗಿ ಕಾಣುತ್ತೆ.

ಮೋರಿಸ್ ಬೂಟೆ ದ ಮೋಂವೆಲ್ ಅವರ 'ಜಾನ್ ದಾರ್ಕ್' ತಗೊಳ್ಳಿ. ನಾವು ಜೋನ್ ಆಫ್ ಆರ್ಕ್ ಅನ್ನುವ ಹುಡುಗಿಯ ಕಥೆ ಅದು. ಡೋಂರೆಮಿ ಎಂಬ ಹಳ್ಳಿಯ ರೈತನ ಮಗಳು. 1429ರಲ್ಲಿ, ಸುಮಾರು 17ನೇ ವಯಸ್ಸಿಗೆ, ಇಂಗ್ಲಿಷರ ಮುತ್ತಿಗೆಯಿಂದ ಓರ್ಲಿಯಾನ್ ನಗರವನ್ನು ಬಿಡಿಸಿದ ಸೈನ್ಯದ ಮುಂದೆ ಇದ್ದಳು. ಅದೇ ಜುಲೈನಲ್ಲಿ ರಾಜನಿಗೆ ರೆಮ್ಸ್‌ನಲ್ಲಿ ಪಟ್ಟಾಭಿಷೇಕವಾಯಿತು. 1431ರ ಮೇ 30ರಂದು ರುವಾನ್‌ನಲ್ಲಿ ಅವಳನ್ನು ಜೀವಂತ ಸುಟ್ಟರು.

ಪುಸ್ತಕದ ತಾರೀಖು 1896. ಚಿತ್ರಕಾರ ಓರ್ಲಿಯಾನ್‌ನಲ್ಲೇ ಹುಟ್ಟಿದವರು. ತೆಳು ಗೆರೆ, ಹದವಾದ ಬಣ್ಣ, ಪುಟದ ತುಂಬ ಕುದುರೆ, ಈಟಿ, ಜನಜಂಗುಳಿ. ಆದರೆ ಆರಂಭದ ಚಿತ್ರವನ್ನು ಗಮನಿಸಿ. ಜೋನ್ ಹಿಂದೆ ನುಗ್ಗುತ್ತಿರುವವರು ಅವಳ ಕಾಲದವರಲ್ಲ, ಬಂದೂಕು ಹಿಡಿದ 19ನೇ ಶತಮಾನದ ಫ್ರೆಂಚ್ ಸೈನಿಕರು! 1871ರಲ್ಲಿ ಸೋತ ದೇಶ ತನ್ನ ಮಕ್ಕಳಿಗೆ ಹೇಳಬೇಕಿದ್ದ ಮಾತು ಆ ಚಿತ್ರದಲ್ಲಿದೆ. ಇನ್ನೊಂದು ವಿಷಯ. ಜೋನ್‌ಳನ್ನು ಹಿಡಿದು ಇಂಗ್ಲಿಷರಿಗೆ ಮಾರಿದವರು ಬರ್ಗಂಡಿಯವರು, ವಿಚಾರಣೆ ನಡೆಸಿದ ಬಿಷಪ್ ಕೋಶೋಂ ಫ್ರೆಂಚನೇ. 'ನಾವು-ಅವರು' ಅನ್ನೋ ಗೆರೆ ಇತಿಹಾಸದಲ್ಲಿ ಅಷ್ಟು ನೇರವಾಗಿ ಇರಲಿಲ್ಲ.

ದಂತಕಥೆಗಳ ವಿಷಯವೂ ಇಷ್ಟೇ. ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಗಳಿಗೆ ಗುಸ್ತಾವ್ ದೊರೆ 1860ರ ದಶಕದ ಆರಂಭದಲ್ಲಿ ಚಿತ್ರ ಬರೆದರು. ಕೆಂಪು ಟೋಪಿಯ ಹುಡುಗಿ ಹಾಸಿಗೆಯಲ್ಲಿ ತೋಳವನ್ನು ದಿಟ್ಟಿಸುವ ಚಿತ್ರ ಇಂದಿಗೂ ಮೈ ಜುಂ ಅನ್ನಿಸುತ್ತೆ. ಪೆರೋ ಕಥೆಯಲ್ಲಿ ತೋಳ ಅವಳನ್ನು ತಿಂದುಬಿಡುತ್ತೆ, ಅಲ್ಲಿಗೆ ಮುಗಿಯಿತು. ಬಿಡಿಸಲು ಬರುವ ಬೇಟೆಗಾರ ಆಮೇಲೆ ಜರ್ಮನಿಯ ಗ್ರಿಮ್ ಸಹೋದರರ ಪುಸ್ತಕದಲ್ಲಿ ಸಿಗುತ್ತಾನೆ. ಅಂದಹಾಗೆ, ನಮ್ಮ ಅಮರ ಚಿತ್ರ ಕಥೆಯೂ 1965ರ ಸುಮಾರಿಗೆ ಮೊದಲು ಕನ್ನಡದಲ್ಲಿ ಶುರುವಾಗಿದ್ದು ಸಿಂಡರೆಲಾಳಂಥ ಪರದೇಶಿ ಕಥೆಗಳಿಂದಲೇ. 'ಕೃಷ್ಣ' ಬಂದದ್ದು 11ನೇ ಪುಸ್ತಕವಾಗಿ!

ಈ ಗಂಭೀರ ಸಾಲಿಗೆ ತಮಾಷೆಯ ಉತ್ತರ ಕೊಟ್ಟವರು ಗೊಸಿನಿ ಮತ್ತು ಉದೆರ್ಜೊ. ಫ್ರಾನ್ಸಿನ ಶಾಲೆಗಳಲ್ಲಿ ತಲೆಮಾರುಗಳ ಕಾಲ 'ನಮ್ಮ ಪೂರ್ವಜರು ಗಾಲರು' ಅಂತ ಕಲಿಸಿದರು, ವಸಾಹತುಗಳ ಮಕ್ಕಳಿಗೂ! 1959ರಲ್ಲಿ 'ಪಿಲೋಟ್' ಪತ್ರಿಕೆಯಲ್ಲಿ ಆಸ್ಟೆರಿಕ್ಸ್ ಬಂದಾಗ ಆ ಪೂರ್ವಜರು ಜಗಳಗಂಟರು, ಹೊಟ್ಟೆಬಾಕರು, ಮೀನಿಗಾಗಿ ಕಿತ್ತಾಡುವವರು. ಒಬೆಲಿಕ್ಸ್ ಬೆನ್ನ ಮೇಲೆ ಹೊರುವ ಉದ್ದ ಕಲ್ಲುಗಳಂತೂ ಗಾಲರಿಗಿಂತ ಸಾವಿರಾರು ವರ್ಷ ಹಿಂದಿನವು. ತನ್ನ ಪೂರ್ವಜರನ್ನು ನೋಡಿ ನಗಬಲ್ಲ ಮಗುವಿಗೆ ಪಕ್ಕದವರನ್ನು ದ್ವೇಷಿಸುವುದು ಸ್ವಲ್ಪ ಕಷ್ಟವೇ, ಅಲ್ವಾ?

ಹಾಗಂತ ಹಾನ್ಸಿಯನ್ನು ಬಚ್ಚಿಡಬೇಕಾಗಿಲ್ಲ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ 'ಗಾಲಿಕಾ' ಎಂಬ ಡಿಜಿಟಲ್ ಸಂಗ್ರಹದಲ್ಲಿ ಇಂಥ ಹಳೆಯ ಪುಸ್ತಕಗಳನ್ನು ಉಚಿತವಾಗಿ ನೋಡಬಹುದು. ಫ್ರೆಂಚ್ ಬರಬೇಕಂತಿಲ್ಲ, ಚಿತ್ರ ಸಾಕು. ಪುಟ ತಿರುಗಿಸುವಾಗ ಮಕ್ಕಳನ್ನು ಮೂರೇ ಪ್ರಶ್ನೆ ಕೇಳಿ. ಇದನ್ನು ಬರೆದಾಗ ಆ ದೇಶದಲ್ಲಿ ಏನು ನಡೀತಿತ್ತು? ಯಾರನ್ನು ಚೆಂದ ಬರೆದಿದ್ದಾರೆ, ಯಾರನ್ನು ಸೊಟ್ಟಗೆ? ಆ ಸೊಟ್ಟ ಮೂಗಿನವನ ಮನೆಯಲ್ಲೂ ಒಂದು ಮಗು ಇದ್ದಿದ್ದರೆ ಅದು ಇದೇ ಕಥೆಯನ್ನು ಹೇಗೆ ಹೇಳುತ್ತಿತ್ತು?

ಮೂರನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ಕೇಳಿಸಿಕೊಳ್ಳಿ. ಆಮೇಲೆ ನಮ್ಮ ಕಪಾಟಿನಲ್ಲಿರುವ ರಾಜ-ರಾಣಿಯರ ಚಿತ್ರಪುಸ್ತಕಗಳನ್ನೂ ಹೊರಗೆ ತೆಗೆದು ಇದೇ ಮೂರು ಪ್ರಶ್ನೆ ಕೇಳೋಣ.