ಮಾಲ್ ಯಾರ ಜಾಗ? – ಮಾರುಕಟ್ಟೆಯ ಪಾಠಕ್ಕೆ ಪೂರಕ ವಿಷಯ

ಸಮಾಜ ವಿಜ್ಞಾನದಲ್ಲಿ ಮಾರುಕಟ್ಟೆಯ ಪಾಠ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಮಾಲ್ ಎಂದರೆ ‘ಒಂದೇ ಸೂರಿನಡಿ ಎಲ್ಲವೂ ಸಿಗುವ ಕಟ್ಟಡ’ ಎಂದು ಕರಿಹಲಗೆಯ ಮೇಲೆ ಬರೆದು ಮುಂದೆ ಹೋಗುವುದುಂಟು. ತೋಡಾರಿನಂಥ ಊರಿನ ಮಕ್ಕಳಿಗೆ ಅಷ್ಟು ಸಾಲದು. ಇಲ್ಲಿಂದ ಬಸ್ಸು ಹತ್ತಿದರೆ ಮಂಗಳೂರು, ಕೆ.ಎಸ್. ರಾವ್ ರಸ್ತೆಯ ಸಿಟಿ ಸೆಂಟರನ್ನೋ ಪಾಂಡೇಶ್ವರದ ಫಿಜಾ ಮಾಲನ್ನೋ ಎಷ್ಟೋ ಮಕ್ಕಳು ಕಂಡಿರುತ್ತಾರೆ. ವಿವರಿಸಬೇಕಾದದ್ದು ಅದು ಯಾರ ಜಾಗ ಎಂಬುದನ್ನು.

ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮಾಲಿನ ಮೊದಲ ಮಾದರಿ ಅಮೆರಿಕದ ಮಿನೆಸೋಟ ರಾಜ್ಯದ ಸೌತ್‌ಡೇಲ್. ಅದು ತೆರೆದದ್ದು 1956ರಲ್ಲಿ. ಅದರ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ವಿಯೆನ್ನಾದಲ್ಲಿ ಹುಟ್ಟಿದವನು. ಕಾರನ್ನೇ ನಂಬಿ ಬದುಕುವ ಹೊರವಲಯದ ಜನರಿಗೆ ನಡೆದಾಡಲು ಒಂದು ಪೇಟೆ ಬೇಕು, ಸುತ್ತ ಮನೆ, ಶಾಲೆ, ಆಸ್ಪತ್ರೆಗಳಿರಬೇಕು ಎಂಬುದು ಅವನ ಯೋಜನೆ. ಅಂಗಡಿಗಳೂ ಕಾರು ನಿಲ್ಲಿಸುವ ಬಯಲೂ ಬಂದವು. ಊರು ಅವನೆಣಿಸಿದಂತೆ ಬೆಳೆಯಲಿಲ್ಲ. ಮುಂದೆ ಅವನೇ ಮಾಲ್‌ಗಳನ್ನು ಬಹಿರಂಗವಾಗಿ ದೂರಿದ.

ನಮ್ಮಲ್ಲಿ 1999ರಲ್ಲಿ ದೆಹಲಿಯ ಅನ್ಸಲ್ ಪ್ಲಾಜಾ, 2004ರಲ್ಲಿ ಬೆಂಗಳೂರು ಕೋರಮಂಗಲದ ಫೋರಂ, 2010ರಲ್ಲಿ ಮಂಗಳೂರಿನ ಸಿಟಿ ಸೆಂಟರ್ ಬಂದವು.

ಮಾಲಿನ ಲೆಕ್ಕಾಚಾರ ಸರಳ. ಜನರನ್ನು ಸೆಳೆಯುವ ದೊಡ್ಡ ಮಳಿಗೆಗಳನ್ನು ದೂರದೂರ ಇಡುತ್ತಾರೆ, ಚಿತ್ರಮಂದಿರವನ್ನು ಮೇಲಿನ ಮಹಡಿಯಲ್ಲಿ. ಅಲ್ಲಿಗೆ ಹೋಗುವವರು ನಡುವಿನ ಸಣ್ಣ ಅಂಗಡಿಗಳನ್ನು ದಾಟಲೇಬೇಕು. ಆ ಓಡಾಟವೇ ಬಾಡಿಗೆಯ ಆಧಾರ. ಸಂತೆಯಲ್ಲಿಯೂ ಮಾರುವವನು ಸುಂಕ ಕೊಡುತ್ತಾನೆ, ಆದರೆ ಪಂಚಾಯತಿಗೋ ಅದರ ಗುತ್ತಿಗೆದಾರನಿಗೋ. ಮಾಲಿನಲ್ಲಿ ಹಣ ಹೋಗುವುದು ಕಟ್ಟಡದ ಮಾಲೀಕರಿಗೆ. ಬಾಗಿಲ ಕಾವಲುಗಾರನೂ ಅವರವನೇ.

2024ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರು ಮಗನೊಂದಿಗೆ ಸಿನೆಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದಕ್ಕೆ ಹೋದರು. ಕೈಯಲ್ಲಿ ಟಿಕೆಟ್ ಇತ್ತು. ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ಪ್ರತಿಭಟನೆ ನಡೆಯಿತು, ವಿಧಾನಸಭೆಯಲ್ಲಿ ಚರ್ಚೆಯಾಯಿತು, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರಕಾರ ಹೇಳಿತು. ಸಾರ್ವಜನಿಕ ಸ್ಥಳ, ಖಾಸಗಿ ಸ್ಥಳ ಎಂಬ ಭೇದವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. (ನಮ್ಮ ಜಿಲ್ಲೆಯಲ್ಲಿ ಪಂಚೆ, ಲುಂಗಿ ಉಡದ ಮನೆ ಎಷ್ಟಿದೆ?)

ಹಾಗೆಂದು ಮಾಲನ್ನು ಜರೆದು ಪಾಠ ಮುಗಿಸುವುದೂ ಸರಿಯಲ್ಲ. ಶುಚಿಯಾದ ಶೌಚಾಲಯ, ಗಾಲಿಕುರ್ಚಿಗೆ ಇಳಿಜಾರು ದಾರಿ, ಹೆಣ್ಣುಮಕ್ಕಳು ನಾಲ್ಕು ಜನ ಕುಳಿತು ನೆಮ್ಮದಿಯಿಂದ ಮಾತಾಡಬಹುದಾದ ಜಾಗ – ಇವು ನಮ್ಮ ಸಂತೆಮಾರ್ಕೆಟ್ಟುಗಳಲ್ಲಿ ಎಷ್ಟಿವೆ ಎಂದೂ ಕೇಳಬೇಕು.

ಚಟುವಟಿಕೆಗೆ ಒಂದೇ ಪ್ರಶ್ನೆ ಸಾಕು: ಸಂತೆ, ಬಸ್ ನಿಲ್ದಾಣ, ಮಾಲ್ – ಈ ಮೂರು ಕಡೆ ನಿಮ್ಮ ಅಜ್ಜ ಏನನ್ನೂ ಕೊಳ್ಳದೆ ಒಂದು ಗಂಟೆ ಕುಳಿತರೆ, ಎಬ್ಬಿಸುವ ಅಧಿಕಾರ ಯಾರಿಗಿದೆ? ಗುಂಪಿನಲ್ಲಿ ಚರ್ಚಿಸಲು ಹತ್ತು ನಿಮಿಷ ಕೊಡಿ; ಉತ್ತರವನ್ನು ಮೊದಲೇ ಹೇಳಬೇಡಿ.