ಹಲ್ಲಿನ ಕಂದು ಕಲೆ: ಹೊಗೆಸೊಪ್ಪಿನದೋ, ನೀರಿನದೋ?

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಶೇಂಗಾ ಹೊಲಗಳಲ್ಲಿ ಕಳೆ ತೆಗೆಯುವ ಹೊತ್ತಿಗೆ ಬದುವಿನ ಮೇಲೆ ಕುಳಿತು ಎಲೆಯಡಿಕೆ ಚೀಲ ಬಿಚ್ಚುವುದು ವಾಡಿಕೆ. ಹೀಗೆ ಬೆಳೆ ನೋಡಲು ಹೋದಾಗ ಹಿರಿಯರೊಬ್ಬರು ಮೊಮ್ಮಗಳನ್ನು ಮುಂದೆ ನಿಲ್ಲಿಸಿ, "ನಾನು ಹೊಗೆಸೊಪ್ಪು ಹಾಕ್ತೀನಿ ಸ್ವಾಮಿ, ಈ ಕೂಸು ಏನೂ ತಿನ್ನಲ್ಲ. ಇಟ್ಟಿಗೆ ಪುಡೀಲಿ ತಿಕ್ಕಿಸಿದ್ರೂ ಹಲ್ಲು ಬೆಳ್ಳಗಾಗಲ್ಲ" ಎಂದರು. ನಾನು ಬೇಸಾಯ ಶಾಸ್ತ್ರದವನು, ದಂತವೈದ್ಯನಲ್ಲ. ಆದರೆ ಈ ಸೀಮೆಯ ಕೊಳವೆ ಬಾವಿಗಳ ನೀರನ್ನು ಬಲ್ಲವರಿಗೆ ಕಾರಣ ಊಹಿಸುವುದು ಕಷ್ಟವಲ್ಲ.

ತಾತನ ಕಲೆ ಹೊರಗಿನಿಂದ ಅಂಟಿದ್ದು. ಹೊಗೆಸೊಪ್ಪಿನ ಕಂದು ರಸ ಹಲ್ಲಿನ ಮೇಲಿನ ಪಾಚಿಯಲ್ಲಿ ಇಳಿದು, ಜೊಲ್ಲಿನ ಸುಣ್ಣಾಂಶದೊಡನೆ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಮೊಮ್ಮಗಳದು ಹಲ್ಲಿನೊಳಗೇ ಹುಟ್ಟಿದ್ದು. ಕಲ್ಲಿನ ಪದರಗಳಿಂದ ನೀರಿಗೆ ಇಳಿಯುವ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಸುಮಾರು 8 ವರ್ಷದೊಳಗಿನ ಮಕ್ಕಳು ಕುಡಿಯುತ್ತಾ ಬಂದರೆ, ದವಡೆಯೊಳಗೆ ರೂಪುಗೊಳ್ಳುತ್ತಿರುವ ಹಲ್ಲೇ ಕೆಡುತ್ತದೆ. ಎಡ ಬಲ ಎರಡೂ ಕಡೆ ಒಂದೇ ಬಗೆಯಾಗಿ ಸುಣ್ಣದಂಥ ಬಿಳಿ ಗೆರೆ, ಮುಂದೆ ಕಂದು ಪಟ್ಟೆ ಕಾಣುವುದು ಇದರ ಗುರುತು. ಇದು ಯಾವ ಪುಡಿಗೂ ಹೋಗುವುದಿಲ್ಲ.

ಹೊಗೆಸೊಪ್ಪಿನ ಕಲೆಯಾದರೆ ಮನೆಯಲ್ಲಿ ತಕ್ಕಮಟ್ಟಿಗೆ ತೆಗೆಯಬಹುದು. ಮೆದು ಬ್ರಷ್ಷಿನಿಂದ ದಿನಕ್ಕೆ ಎರಡು ಬಾರಿ ಹಲ್ಲುಜ್ಜಬೇಕು. ವಾರಕ್ಕೆ ಒಂದೆರಡು ಸಲ ಚಿಟಿಕೆ ಅಡಿಗೆ ಸೋಡಾವನ್ನು ಒದ್ದೆ ಬ್ರಷ್ಷಿಗೆ ಹಚ್ಚಿ ಮೆಲ್ಲಗೆ ಉಜ್ಜಿ, ಬಾಯಿ ಮುಕ್ಕಳಿಸಬೇಕು. ಗಟ್ಟಿಯಾದ ಕಿಟ್ಟಕ್ಕೆ ದಂತವೈದ್ಯರೇ ಬೇಕು. ಅವರು ಕಿಟ್ಟ ತೆಗೆದರೆ ಹಲ್ಲು ಅಲ್ಲಾಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಇಟ್ಟಿಗೆ ಪುಡಿ, ಮರಳು, ಇದ್ದಿಲು ಹಲ್ಲಿನ ಹೊರಕವಚವನ್ನು ಸವೆಸುತ್ತವೆ, ನಿಂಬೆರಸ ಅದನ್ನು ಕರಗಿಸುತ್ತದೆ. ಸವೆದ ಮೇಲ್ಮಣ್ಣನ್ನು ಕೆರೆಗೋಡು ಹೊಡೆದಾದರೂ ತುಂಬಿಕೊಳ್ಳಬಹುದು, ಈ ಕವಚ ಮತ್ತೆ ಬೆಳೆಯುವುದಿಲ್ಲ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ನಶ್ಯದಿಂದ ಹಲ್ಲುಜ್ಜುವ ಅಭ್ಯಾಸವೂ ಅಷ್ಟೇ ಕೆಟ್ಟದ್ದು.

ಚೀಲ ಬಿಡದಿದ್ದರೆ ತೆಗೆದ ಕಲೆ ಮತ್ತೆ ಬರುತ್ತದೆ. ಕಲೆಗಿಂತ ಮುಖ್ಯವಾಗಿ, ಹೊಗೆಸೊಪ್ಪು ಇಡುವ ಜಾಗದಲ್ಲಿ ಬಿಳಿ ಇಲ್ಲವೆ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ತೋರಿಸಬೇಕು. ಅದು ಕ್ಯಾನ್ಸರಿನ ಆರಂಭವಿರಬಹುದು. ಬಿಡಲು ನೆರವು ಬೇಕಾದವರು 1800 11 2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಇನ್ನು ನೀರಿನ ಮಾತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ. ಊರಿನಲ್ಲಿ ಶುದ್ಧ ನೀರಿನ ಘಟಕವಿದ್ದರೆ ಕುಡಿಯಲು ಮಾತ್ರವಲ್ಲ, ಅನ್ನ, ಸಾರು, ಮುದ್ದೆಗೂ ಆ ನೀರನ್ನೇ ಬಳಸಬೇಕು. ಸ್ವಚ್ಛ ಮಾಳಿಗೆಯಿಂದ ಹಿಡಿದು, ಸೋಸಿ, ಮುಚ್ಚಿಟ್ಟ ಮಳೆನೀರನ್ನು ಕುದಿಸಿ ಬಳಸಬಹುದು. ಆ ಹಿರಿಯರ ಮನೆಯಲ್ಲಿ ಎರಡು ವರ್ಷದ ಮೊಮ್ಮಗನೂ ಇದ್ದಾನೆ. ಅವನ ಕಾಯಂ ಹಲ್ಲುಗಳು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿವೆ. ಅವನ ಲೋಟಕ್ಕೆ ಇಂದಿನಿಂದಲೇ ಘಟಕದ ನೀರು ಹಾಕಿರೆಂದು ಹೇಳಿ ಬಂದೆ.