ತಾಂತ್ರಿಕ ಕೈಪಿಡಿಗಳ ಅಂತರಜಾಲ ಪ್ರಕಟಣೆ: ಕುಡಿಯುವ ನೀರಿನ ಕೈಪಿಡಿಯ ಉದಾಹರಣೆ

ಮೇಲ್ತೊಟ್ಟಿಗೆ ಬ್ಲೀಚಿಂಗ್ ಪುಡಿ ಬೆರೆಸುವ ನೀರುಗಂಟಿಯ ಬಳಿ ಮುದ್ರಿತ ಕೈಪಿಡಿ ಇರುವುದು ಅಪರೂಪ, ಮೊಬೈಲ್ ಇರುತ್ತದೆ. ಉತ್ತಮ ಗುಣಮಟ್ಟದ ಪುಡಿಯಾದರೆ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಎಂಬುದು ರೂಢಿಯ ಲೆಕ್ಕ. 50,000 ಲೀಟರ್ ತೊಟ್ಟಿಗೆ 125 ಗ್ರಾಂ. ಝೆರಾಕ್ಸ್ ಪ್ರತಿಯನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿದಾಗ ದಶಮಾಂಶ ಬಿಂದು ಅಳಿಸಿಹೋದರೆ 2.5 ಎಂಬುದು 25 ಆಗುತ್ತದೆ. 125 ಗ್ರಾಂ 1,250 ಗ್ರಾಂ ಆಗುತ್ತದೆ. ಘಾಟು ತಾಳಲಾರದೆ ಜನರು ನಲ್ಲಿಯ ನೀರನ್ನು ಬಿಟ್ಟು ತೆರೆದ ಬಾವಿಗೆ ಮರಳಿದರೆ ಕ್ಲೋರಿನ್ ಬೆರೆಸಿದ ಉದ್ದೇಶವೇ ವಿಫಲವಾಗುತ್ತದೆ.

ಆದುದರಿಂದ ಅಂತರಜಾಲಕ್ಕೆ ಏರಿಸುವ ಕೈಪಿಡಿಯಲ್ಲಿ ಪ್ರಮಾಣವನ್ನು ಅಂಕಿ ಮತ್ತು ಅಕ್ಷರ ಎರಡರಲ್ಲಿಯೂ ಬರೆಯುವುದು ಅವಶ್ಯ: 2.5 (ಎರಡೂವರೆ) ಗ್ರಾಂ. ಮಾಸಿದ ಪ್ರತಿಯಲ್ಲಿ ಕನ್ನಡದ ೬ ಮತ್ತು ೯ ಪರಸ್ಪರ ಬದಲಾಗಿ ಕಾಣುವುದೂ ಉಂಟು. ಪುಡಿ ಹಳತಾದಂತೆ ಸತ್ವ ಕಳೆದುಕೊಳ್ಳುವುದರಿಂದ ತೂಕವೊಂದನ್ನೇ ನಂಬದೆ, ಅರ್ಧ ಗಂಟೆಯ ನಂತರ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇದೆಯೇ ಎಂದು ಪರೀಕ್ಷಿಸುವ ಕ್ರಮವನ್ನೂ ಅದೇ ಪುಟದಲ್ಲಿ ನೀಡತಕ್ಕದ್ದು. ಮುಂದಿನ ಪುಟದಲ್ಲಿದ್ದರೆ ಅದನ್ನು ಯಾರೂ ತೆರೆಯುವುದಿಲ್ಲ.

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಅನ್ವಯ ಸಿಬ್ಬಂದಿ ಬಳಸುವ ಕೈಪಿಡಿಗಳೂ ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕಾದ ಮಾಹಿತಿಯಲ್ಲಿ ಸೇರಿವೆ. ಸ್ಥಳೀಯ ಭಾಷೆಯನ್ನು ಪರಿಗಣಿಸಬೇಕೆಂದೂ ಅದೇ ಪ್ರಕರಣ ಹೇಳುತ್ತದೆ. ನಿಪ್ಪಾಣಿ, ಕಾಗವಾಡ ಭಾಗದ ಮರಾಠಿ ಓದುಗರಿಗೆ ಪ್ರತ್ಯೇಕ ಪ್ರತಿ ಸಿದ್ಧಪಡಿಸುವಾಗ ಎರಡೂ ಪ್ರತಿಗಳ ಅಂಕಿಗಳನ್ನು ಒಬ್ಬರೇ ಕುಳಿತು ತಾಳೆ ನೋಡುವುದು ಕ್ಷೇಮ.

ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತವು ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿನಿಂದಲೇ ತಿದ್ದಬೇಕು. ಸ್ಕ್ಯಾನ್ ಮಾಡಿದ ಪುಟ ಕೇವಲ ಚಿತ್ರ. ಅದರಲ್ಲಿ ‘ಪ್ರವಾಹ’ ಎಂಬ ಪದವನ್ನು ಹುಡುಕಿದರೆ ಸಿಗದು.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದಾಗ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ಅನೇಕ ನದಿತೀರದ ಗ್ರಾಮಗಳು ಜಲಾವೃತವಾದವು. ಅಂತಹ ದಿನಗಳಲ್ಲಿ ನೆಟ್‌ವರ್ಕ್ ದುರ್ಬಲವಾಗಿರುತ್ತದೆ. ಪ್ರವಾಹೋತ್ತರ ಶುದ್ಧೀಕರಣದ ಭಾಗವನ್ನು ಎರಡು ಪುಟಗಳ ಹಗುರವಾದ ಪ್ರತ್ಯೇಕ ಪಿಡಿಎಫ್ ಆಗಿ ಇರಿಸಿ, ಮಳೆಗಾಲಕ್ಕೆ ಮುನ್ನವೇ ಮೊಬೈಲಿಗೆ ಇಳಿಸಿಕೊಳ್ಳುವಂತೆ ತಿಳಿಸುವುದು ಸೂಕ್ತ.

ಪ್ರಕಟಣೆಗೆ ಮುನ್ನ ಕರಡನ್ನು ನೀರುಗಂಟಿಗೆ ಕೊಟ್ಟು, ತೊಟ್ಟಿಯ ಬಳಿಯೇ ಓದಿಸಿ ನೋಡಬೇಕು. ಆತ ಎಲ್ಲಿ ತಡೆಯುತ್ತಾನೋ ಅಲ್ಲಿ ವಾಕ್ಯವನ್ನು ತಿದ್ದಬೇಕೇ ಹೊರತು ಆತನನ್ನಲ್ಲ. ಪ್ರತಿ ಪುಟದ ಅಡಿಯಲ್ಲಿ ಪರಿಷ್ಕರಣೆಯ ದಿನಾಂಕ ಇರಲಿ. ಹೊಸ ಪ್ರತಿ ಪ್ರಕಟವಾದ ದಿನವೇ ಹಳೆಯದನ್ನು ಜಾಲತಾಣದಿಂದ ತೆಗೆಸಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿಯೂ ತಿಳಿಸಿ, ಪಂಪ್‌ಹೌಸ್ ಗೋಡೆಯ ಮೇಲಿನ ಪ್ರತಿಯನ್ನೂ ಬದಲಿಸತಕ್ಕದ್ದು.